ನಾನು ಕಾಯಿಸಿದ ಎಂಟು ದಿನ

ಹನ್ನೊಂದು ವರ್ಷ ನಾನು ಪೊಲೀಸರಿಗೆ ಪಾಠ ಹೇಳಿದೆ. ನನ್ನ ನೌಕರಿ ಪುಣೆಯ ಒಂದು ಕಾನೂನು ಕಾಲೇಜಿನಲ್ಲಿ. ಶನಿವಾರ ಮಾತ್ರ ಊರ ಹೊರಗಿನ ಪೊಲೀಸ್ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೆ. ಹವಾಲ್ದಾರರಾಗಿದ್ದು ಫೌಜದಾರರಾಗಿ, ಅಂದರೆ ಸಬ್ ಇನ್ಸ್‌ಪೆಕ್ಟರರಾಗಿ, ಬಡ್ತಿ ಪಡೆಯಲಿರುವವರಿಗೆ ಅಲ್ಲಿ ಕೆಲವು ತಿಂಗಳ ತರಬೇತಿ ನಡೆಯುತ್ತಿತ್ತು. ಬಂಧನದ ನಿಯಮಗಳು, ವಿಚಾರಣೆಗೆ ಕರೆತಂದವರ ಹಕ್ಕುಗಳು ನನ್ನ ಪಾಲಿಗೆ ಬಂದ ವಿಷಯ. ನನಗೆ ಕೊಟ್ಟದ್ದು ಊಟದ ನಂತರದ ಅವಧಿ. ಬೆಳಗಿನ ಪರೇಡಿನಿಂದ ದಣಿದ ಅರವತ್ತು ಜನ ಬೆಂಚಿನ ಮೇಲೆ ನೆಟ್ಟಗೆ ಕೂತಿರುತ್ತಿದ್ದರು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವವರನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ.

ಅವರಲ್ಲಿ ಒಬ್ಬ ಮಾತ್ರ ನಿದ್ದೆ ಮಾಡುತ್ತಿರಲಿಲ್ಲ. ಆ ತಂಡದ ಮೊದಲ ದಿನ ಮೈಕು ಹಿಡಿದಾಗ ಕೈಗೆ ಚಿಟುಕ್ಕೆಂದು ಶಾಕ್ ಹೊಡೆದು, ನನ್ನ ಬಾಯಿಂದ 'ಅಯ್ಯ ಶಿವನ' ಎಂದು ಬಂದುಬಿಟ್ಟಿತ್ತು. ಪಾಠ ಮುಗಿದ ಮೇಲೆ ಅವನು ಬಾಗಿಲ ಬಳಿ ನಿಂತಿದ್ದ.

"ಮೇಡಂ, ನೀವು ನಮ್ಮ ಕಡ್ಯಾವ್ರೇನ್ರಿ?"

ಅವನ ತಂದೆ ಇಂಡಿ ಕಡೆಯಿಂದ ಬಂದು ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರು. ಇವನು ಅಲ್ಲಿನ ಕಾರ್ಮಿಕರ ಕಾಲನಿಯಲ್ಲಿ ಬೆಳೆದು, ಮರಾಠಿ ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಮಾತಾಡಿಕೊಂಡಿದ್ದವನು. ನನ್ನದೂ ಹೆಚ್ಚುಕಡಿಮೆ ಅದೇ ಕಥೆ. ನನ್ನ ತಂದೆ ವಿಜಯಪುರದಿಂದ ಗುಮಾಸ್ತರಾಗಿ ಬಂದು ಸದಾಶಿವ ಪೇಠೆಯಲ್ಲಿ ಬಿಡಾರ ಹೂಡಿದವರು. ನಾನು ಹುಟ್ಟಿದ ಓಣಿಯಲ್ಲಿಯೇ ಇವತ್ತಿಗೂ ಇದ್ದೇನೆ. ಹೀಗಾಗಿ ಶನಿವಾರಗಳಲ್ಲಿ ಪಾಠದ ನಂತರ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡುವುದು ನಮ್ಮಿಬ್ಬರಿಗೂ ರೂಢಿಯಾಯಿತು.

ಅವನು ಪ್ರಶ್ನೆ ಕೇಳುತ್ತಿದ್ದ. ಉಳಿದವರು ಪರೀಕ್ಷೆಗೆ ಏನು ಬರುತ್ತದೆ ಎಂದು ಕೇಳಿದರೆ, ಇವನು ಠಾಣೆಯಲ್ಲಿ ಏನಾಗುತ್ತದೆ ಎಂದು ಕೇಳುತ್ತಿದ್ದ. ಒಮ್ಮೆ ಠಾಣೆಯ ಕ್ಯಾಮೆರಾಗಳ ವಿಷಯ ಹೇಳುತ್ತಿದ್ದೆ. ಯಾರಾದರೂ ದೂರು ಕೊಟ್ಟರೆ ಮೊದಲು ಕೇಳುವುದೇ ಕ್ಯಾಮೆರಾದ ದೃಶ್ಯಾವಳಿ ಎಂದಾಗ ಅವನು ಎದ್ದು ನಿಂತ.

"ಮೇಡಂ, ಕ್ಯಾಮೆರಾ ಕೆಟ್ಟಿದ್ದರೆ?"

"ಕೆಟ್ಟಿದೆ ಎಂದು ಸ್ಟೇಷನ್ ಡೈರಿಯಲ್ಲಿ ಹೊತ್ತು ಹಾಕಿ ಬರೆಯಬೇಕು. ಅದೇ ದಿನ ದುರಸ್ತಿಗೆ ಪತ್ರ ಕಳಿಸಿ, ಅದರ ಪ್ರತಿ ಇಟ್ಟುಕೊಳ್ಳಬೇಕು. ಅಷ್ಟಿಲ್ಲದೆ ಬರೀ ಬಾಯಿಮಾತನ್ನು ಯಾರೂ ನಂಬುವುದಿಲ್ಲ" ಎಂದೆ.

ಅವನು ಬರೆದುಕೊಂಡ. ಆ ದಿನ ಮನೆಗೆ ಬಂದು, ಇಂಥವರು ಠಾಣೆಗೊಬ್ಬರಿದ್ದರೆ ಸಾಕಿತ್ತು ಎಂದು ಹೇಳಿಕೊಂಡು ಓಡಾಡಿದ್ದು ನೆನಪಿದೆ. ಕೊನೆಯಲ್ಲಿ ಅವನ ಪ್ರಮಾಣಪತ್ರದಲ್ಲಿ ನನ್ನ ವಿಷಯದ ಮುಂದೆ 'ಅತ್ಯುತ್ತಮ' ಎಂದು ಬರೆದು ಸಹಿ ಮಾಡಿದೆ. ಅವನು ಪೇಢೆ ತಂದು ಕಾಲು ಮುಟ್ಟಿ ನಮಸ್ಕರಿಸಿದ. ಹನ್ನೊಂದು ವರ್ಷದಲ್ಲಿ ಹಾಗೆ ಮಾಡಿದವನು ಅವನೊಬ್ಬನೇ.

ಇದಾಗಿ ಮೂರು ವರ್ಷಕ್ಕೆ ನಮ್ಮ ಪಕ್ಕದ ಹಳೆಯ ವಾಡೆ ಕೆಡವಿ ದೊಡ್ಡ ಕಟ್ಟಡ ಎಬ್ಬಿಸಲು ಶುರು ಮಾಡಿದರು. ಕೆಲಸಗಾರರು ಯಾದಗಿರಿ ಕಡೆಯವರು. ಆ ಜಾಗದ ಹಿಂಭಾಗದ ತಗಡಿನ ಶೆಡ್ಡುಗಳಲ್ಲಿದ್ದರು. ಅವರಲ್ಲೊಬ್ಬ ಹೆಂಗಸು ನಮ್ಮ ಕಟ್ಟಡದ ನಲ್ಲಿಗೆ ನೀರಿಗೆ ಬರುತ್ತಿದ್ದಳು. ನಾನು ಗ್ಯಾಲರಿಯಲ್ಲಿ ನಿಂತು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, ತಲೆ ಎತ್ತಿ ನಕ್ಕಿದ್ದಳು. ನಾನು ಪಾಠ ಹೇಳುತ್ತೇನೆಂದು ತಿಳಿದ ಮೇಲೆ 'ಅಕ್ಕೋರ' ಎಂದು ಕರೆಯತೊಡಗಿದಳು. ಗಂಡ ಹೆಂಡತಿ ಇಬ್ಬರೂ ಅಲ್ಲಿಯೇ ಕೆಲಸಕ್ಕಿದ್ದರು. ಆತ ಎತ್ತರದಲ್ಲಿ ನಿಂತು ಕಬ್ಬಿಣದ ಸರಳು ಕಟ್ಟುವವನು.

ಒಂದು ಬೆಳಿಗ್ಗೆ ಆಕೆ ಮೆಟ್ಟಿಲು ಹತ್ತಿ ಬಾಗಿಲಿಗೇ ಬಂದಳು.

"ಅಕ್ಕೋರ, ನನ್ನ ಗಂಡಗ ಪೊಲೀಸರು ಒಯ್ದಾರ್ರಿ. ನಿನ್ನಿ ಸಂಜಿಮುಂದ ಒಯ್ದಾರ, ಇನ್ನಾ ಬಿಟ್ಟಿಲ್ಲ. ತಾಮ್ರದ ವಾಯರ್ ಕಳುವಾಗ್ಯಾದಂತ. ನಾ ಹೋದ್ರ ಒಳಗ ಬಿಡವಲ್ರು."

ಸೀರೆ ಬದಲಿಸಿ ಅವಳ ಜೊತೆ ಪೊಲೀಸ್ ಚೌಕಿಗೆ ಹೋದೆ. ದಾರಿಯುದ್ದಕ್ಕೂ ಕಾನೂನಿನ ಯಾವ ಕಲಮು ಹೇಳಬೇಕು, ಎಷ್ಟು ಗಟ್ಟಿಯಾಗಿ ಮಾತಾಡಬೇಕು ಎಂದು ಯೋಚಿಸುತ್ತಿದ್ದೆ. ಒಳಗೆ ಹೋದರೆ ಮೇಜಿನ ಹಿಂದೆ ಕೂತಿದ್ದವನು ಅವನೇ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಗಳಿಗೆಯಲ್ಲಿ ನನಗೆ ಅನಿಸಿದ್ದು ಅಷ್ಟೇ: ಇವನಿದ್ದಾನೆ, ಇನ್ನು ಚಿಂತೆಯಿಲ್ಲ.

ಅವನು ಎದ್ದು ನಿಂತು ಕುರ್ಚಿ ಸರಿಸಿದ. "ಬರ್ರಿ ಮೇಡಂ, ಕೂಡ್ರಿ. ನೀವ್ಯಾಕ ಬರಾಕ ಹೋದ್ರಿ, ಒಂದು ಫೋನ್ ಮಾಡಿದ್ರ ಆಗ್ತಿತ್ತಲ್ರಿ."

ವಿಷಯ ಹೇಳಿದೆ. "ವಿಚಾರಣಾ ಮುಗದದ್ರಿ. ಅವಂದೇನಿಲ್ಲ. ಈಗ ಕಳಸೋದ ಇತ್ತು" ಎಂದು ಒಳಗೆ ಸನ್ನೆ ಮಾಡಿದ.

ಆಕೆಯ ಗಂಡನನ್ನು ಹೊರಗೆ ಕರೆತಂದರು. ಎಡಗೈಯಿಂದ ಎಡಗಿವಿ ಮುಚ್ಚಿಕೊಂಡಿದ್ದ. ಅಂಗಿಯ ಕಾಲರಿನ ಮೇಲೆ ರಕ್ತದ ಒಂದು ಎಳೆ ಒಣಗಿತ್ತು. ಏನಾಯಿತು ಎಂದು ನಾನು ಕೇಳಿದೆ. ಆತ ನೆಲ ನೋಡುತ್ತ, "ಬಿದ್ದೀನ್ರಿ" ಎಂದ.

"ಬಚ್ಚಲದಾಗ ಜಾರಿದ್ರಿ ಮೇಡಂ. ನಮ್ಮ ಬಚ್ಚಲಾ ನೀವು ನೋಡಿಲ್ಲ" ಎಂದು ನನ್ನ ಶಿಷ್ಯ ನಕ್ಕ.

ರಿಕ್ಷಾದಲ್ಲಿ ಕೂತ ಮೇಲೆ ಆಕೆ ಗಂಡನ ಎಡಕ್ಕೆ ಕೂತು, ಖರೆ ಹೇಳ್ರಿ ಏನಾತು, ಖರೆ ಹೇಳ್ರಿ ಎಂದು ಮೂರು ಸಲ ಕೇಳಿದಳು. ಆತ ಉತ್ತರಿಸಲಿಲ್ಲ. ಸಿಟ್ಟಿನಿಂದ ಇರಬೇಕೆಂದುಕೊಂಡೆ. ನಾಲ್ಕನೆಯ ಸಲ ಭುಜ ಮುಟ್ಟಿದಾಗ ಬೆಚ್ಚಿ ತಿರುಗಿ, "ಆಂ?" ಎಂದ. ಆ ಕಿವಿಗೆ ಕೇಳಿಸುತ್ತಿಲ್ಲವೆಂದು ನಮಗೆ ಗೊತ್ತಾದದ್ದು ಆಗ.

ನೆಟ್ಟಗೆ ಸರ್ಕಾರಿ ದವಾಖಾನೆಗೆ ಹೋಗಬೇಕಾಗಿತ್ತು. ಹೊಡೆತ ತಿಂದವರು ಮೊದಲು ವೈದ್ಯರಿಗೆ ತೋರಿಸಿ ಬರೆಸಿಕೊಳ್ಳಬೇಕು ಎಂದು ಎಷ್ಟು ಜನರಿಗೆ ನಾನೇ ಪಾಠ ಮಾಡಿದ್ದೆನೋ. ರಿಕ್ಷಾ ತಿರುಗಿಸು ಎಂದು ಹೇಳುವಷ್ಟರಲ್ಲಿ ಫೋನ್ ಬಂತು. ನನ್ನ ಶಿಷ್ಯನದೇ.

"ಮೇಡಂ, ನಿಮಗ ಸುಳ್ಳು ಹೇಳಾಕ ಮನಸ್ಸಾಗವಲ್ದು. ಅಂವ ಬಿದ್ದಿಲ್ರಿ. ನಮ್ಮ ಹವಾಲ್ದಾರ ಒಬ್ಬ ಕೈ ಮಾಡ್ಯಾನ. ನಾ ಹೊರಗ ಹೋಗಿದ್ನಿ. ಇಲ್ಲಿಗೆ ಹೊಸದಾಗಿ ಬಂದಾಂವ, ಹೆಂಡ್ತಿ ಬಾಣಂತಿ ಇದ್ದಾಳ. ಈಗ ದವಾಖಾನಿಗೆ ಹೋದ್ರಂದ್ರ ಕೇಸ್ ಆಗಿ ನೌಕರಿ ಹೋಗ್ತದ. ಒಂದು ಎಂಟು ದಿನ ಕೊಡ್ರಿ. ನಾನ ಕರಕೊಂಡು ಬಂದು ಅವರ ಕಾಲು ಹಿಡಸ್ತೀನಿ, ಕಿವಿಗೆ ಚಲೋ ಡಾಕ್ಟರ್ ಕಡೆ ನಾನ ತೋರಸ್ತೀನಿ. ನಿಮ್ಮ ಮುಂದ ಹೇಳ್ತೀನ್ರಿ, ನನ್ನ ಮಾತು ಇದು."

ಅವನು ಸತ್ಯ ಒಪ್ಪಿಕೊಂಡನಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ನನ್ನ ಪಾಠ ಫಲ ಕೊಟ್ಟಿದೆ ಎನಿಸಿತು. ಫೋನ್ ಇಟ್ಟು, ಪಕ್ಕದಲ್ಲಿದ್ದ ಆ ಇಬ್ಬರಿಗೆ ಹೇಳಿದೆ: "ದೂರು ಕೊಡೋಕ ಕಾಗದ ತಯಾರ ಆಗಬೇಕು. ಎಂಟು ದಿನ ತಡೀರಿ. ದವಾಖಾನಿಗೂ ಆಗಲೇ ಹೋಗೂಣು."

"ನೀವು ಹೇಳಿದಂಗ್ರಿ ಅಕ್ಕೋರ" ಎಂದಳು.

ಆ ಎಂಟು ದಿನ ಆತ ಕೆಲಸಕ್ಕೆ ಹೋಗಲಿಲ್ಲ. ಶೆಡ್ಡಿನಲ್ಲಿ ಮಲಗಿರುತ್ತಿದ್ದ. ನೋವು ತಡೆಯದಾದಾಗ ಆಕೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಟ್ಟಳು. ನನ್ನ ಶಿಷ್ಯ ಬರಲಿಲ್ಲ. ಐದನೆಯ ದಿನ ಫೋನ್ ಮಾಡಿದಾಗ ಬಂದೋಬಸ್ತಿನಲ್ಲಿದ್ದೇನೆ ಎಂದ. ಎಂಟನೆಯ ದಿನ ಮೂರು ಸಲ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನ ದವಾಖಾನೆಗೆ ಕರೆದುಕೊಂಡು ಹೋದೆವು. ಕಿವಿಯ ತಮಟೆ ಹರಿದಿದೆ, ಕೀವಾಗಿದೆ, ಆದರೆ ಯಾವಾಗ ಹರಿಯಿತು, ಹೊಡೆತದಿಂದಲೋ ಬೇರೆಯದರಿಂದಲೋ ಈಗ ಹೇಳಲಾಗದು ಎಂದು ವೈದ್ಯೆ ಬರೆದುಕೊಟ್ಟರು.

ದವಾಖಾನೆಯ ಬೆಂಚಿನ ಮೇಲೆ ಕೂತು ಆತನನ್ನು ಮೊದಲ ಸಲ ಸರಿಯಾಗಿ ಕೇಳಿದೆ. ಹೊಡೆದವನು ಯಾರು, ಆ ಹೊಸ ಹವಾಲ್ದಾರ ಹೇಗಿದ್ದ ಎಂದು.

ಆತ ನನ್ನನ್ನೇ ನೋಡಿದ. "ಹವಾಲ್ದಾರ ಯಾರ್ರಿ? ನಿಮಗ ಕುರ್ಚಿ ಕೊಟ್ರಲ್ರಿ, ಅವ್ರೇ. ಮೊದಲ ಕನ್ನಡದಾಗ ಮಾತಾಡಿಸಿದ್ರು. ಯಾವೂರು, ಮನ್ಯಾಗ ಯಾರ್ಯಾರು ಅದಾರ ಅಂತ ಕೇಳಿದ್ರು. ನಮ್ಮವ್ರ ಸಿಕ್ಕ್ರು ಅಂತ ನನಗ ಧೈರ್ಯ ಬಂತ್ರಿ. ಆಮ್ಯಾಲ ಹೊಡದ್ರು."

ಅಂದೇ ಮರಾಠಿಯಲ್ಲಿ ದೂರು ಬರೆದೆ. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲೆಂದೇ ಇರುವ ಸರ್ಕಾರಿ ಮಂಡಳಿಗೆ ಕೊಟ್ಟೆವು. ಅದರಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ, ಹೊರಗಿನ ಒಬ್ಬ ಮಹಿಳಾ ಸದಸ್ಯೆ ಇರುತ್ತಿದ್ದರು. ಇಂಥ ಮಂಡಳಿ ಇದೆ, ಹೆದರಬೇಕಿಲ್ಲ ಎಂದು ಆ ದಂಪತಿಗೆ ಹೇಳಿದವಳು ನಾನೇ. ಎರಡು ಸಲ ವಿಚಾರಣೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಗುತ್ತಿಗೆದಾರ ಆತನನ್ನು ಕೆಲಸದಿಂದ ತೆಗೆದ. ಎತ್ತರದಲ್ಲಿ ನಿಂತವನಿಗೆ ಕೆಳಗಿನಿಂದ ಕೂಗಿದ್ದು ಕೇಳದಿದ್ದರೆ ಹೇಗೆ ಎಂಬುದು ಅವನ ಮಾತು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಂಡ ಹೆಂಡತಿ ಊರಂಚಿನ ಕಾರ್ಖಾನೆಗಳ ಪ್ರದೇಶ ಭೋಸರಿಗೆ ಹೋದರು. ಆತ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ಡಬ್ಬಿ ಕಟ್ಟುವ ಕೆಲಸಕ್ಕೆ ಸೇರಿದ.

ಮೂರನೆಯ ಸಲ ವಿಚಾರಣೆ ನಡೆಯಿತು. ನನ್ನ ಶಿಷ್ಯ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದಿದ್ದ. ನನ್ನನ್ನು ಕಂಡು ಕೈಮುಗಿದ. ಕಚೇರಿಯಲ್ಲಿ ಕನ್ನಡದ ದುಭಾಷಿ ಇರಲಿಲ್ಲ. ನಾನು ಸಾಕ್ಷಿಯಾಗಿದ್ದರೂ ಆತನ ಮಾತನ್ನು ನಾನೇ ಮರಾಠಿಗೆ ಹೇಳಬೇಕಾಯಿತು.

ನ್ಯಾಯಾಧೀಶರು ಏನಾಯಿತು ಎಂದು ಕೇಳಿದರು. ಆತ ಎದ್ದು, "ಕಪಾಳಕ್ಕ ಹೊಡದ್ರು ರೀ ಸಾಹೇಬ್ರ. ಎರಡ ಸಲ ಹೊಡದ್ರು" ಎಂದ. ಈ ಅಧಿಕಾರಿ ತನ್ನ ಕೆನ್ನೆಗೆ ಎರಡು ಸಲ ಹೊಡೆದರು ಎನ್ನುತ್ತಿದ್ದಾನೆ ಎಂದೆ.

ನನ್ನ ಶಿಷ್ಯ ಎದ್ದು ನಿಂತ. ತನಗೂ ಕನ್ನಡ ಬರುತ್ತದೆ ಎಂದು ವಿನಯದಿಂದ ತಿಳಿಸಿ, ಮರಾಠಿಯಲ್ಲಿ ವಿವರಿಸಿದ: "ಅರ್ಜಿದಾರರು 'ಹೊಡದ್ರು' ಎಂದರು. ಅದು ಬಹುವಚನ. ಯಾರೋ ಹೊಡೆದರು ಎಂದಷ್ಟೇ ಅರ್ಥ. 'ಈ ಅಧಿಕಾರಿ' ಎಂಬುದನ್ನು ಮೇಡಂ ಸೇರಿಸಿದ್ದಾರೆ."

ನಮ್ಮ ಕಡೆ ದೊಡ್ಡವರೊಬ್ಬರನ್ನು ಕುರಿತು ಹೇಳುವಾಗಲೂ ಹೀಗೇ ಹೇಳುತ್ತೇವೆ, ಅದು ಮರ್ಯಾದೆಯ ಮಾತು ಎಂದು ಅವನಿಗೆ ನನ್ನಷ್ಟೇ ಗೊತ್ತಿತ್ತು. ತನ್ನ ಕಿವಿ ಒಡೆದವನಿಗೂ ಆತ ಮರ್ಯಾದೆ ಕೊಟ್ಟು ಮಾತಾಡಿದ್ದ. ಆ ಮರ್ಯಾದೆಯನ್ನೇ ಇವನು ಆತನ ವಿರುದ್ಧ ತಿರುಗಿಸಿದ. ನಾನು ವಿವರಿಸಿದೆ. ಸದಸ್ಯರು ಪರಸ್ಪರ ಮುಖ ನೋಡಿಕೊಂಡು, ಯಾರು ಹೊಡೆದರು ತೋರಿಸು ಎಂದರು. ಆತ ಬೆರಳು ತೋರಿಸಲು ಸಂಕೋಚಪಟ್ಟು, ಇಡೀ ಕೈಯನ್ನು ಅವನತ್ತ ಚಾಚಿ, "ಇವ್ರೇ ರೀ" ಎಂದ. ಗುಮಾಸ್ತ ಬರೆದುಕೊಂಡ.

ಆಮೇಲೆ ನನ್ನ ಶಿಷ್ಯನ ಕಡೆಯ ಕಾಗದಗಳು. ನಾನು ಚೌಕಿಗೆ ಹೋದ ದಿನ ಬೆಳಿಗ್ಗೆಯಷ್ಟೇ ಅರ್ಜಿದಾರನನ್ನು ಸಾಕ್ಷಿಯಾಗಿ ಕರೆಸಲಾಗಿತ್ತು, ಒಂದು ತಾಸಿನಲ್ಲಿ ಕಳಿಸಲಾಯಿತು ಎಂದು ಡೈರಿ ಹೇಳುತ್ತಿತ್ತು, ರಾತ್ರಿಯಿಡೀ ಇಟ್ಟುಕೊಂಡದ್ದರ ಸುಳಿವೇ ಅದರಲ್ಲಿರಲಿಲ್ಲ. ಅದರ ಹಿಂದಿನ ದಿನ ಮಧ್ಯಾಹ್ನ ಕ್ಯಾಮೆರಾ ಕೆಟ್ಟಿದ್ದು ಹೊತ್ತಿನ ಸಮೇತ ದಾಖಲಾಗಿತ್ತು. ಅದೇ ದಿನ ದುರಸ್ತಿಗೆ ಕಳಿಸಿದ ಪತ್ರದ ಪ್ರತಿ ಅದರ ಹಿಂದೆ ಅಚ್ಚುಕಟ್ಟಾಗಿ ಪಿನ್ ಹಾಕಿಸಿಕೊಂಡು ಕೂತಿತ್ತು. ಅದನ್ನು ನೋಡುತ್ತಿದ್ದಂತೆ ಆ ಶನಿವಾರದ ಅವನ ಪ್ರಶ್ನೆ ನನಗೆ ಬೇರೆಯೇ ದನಿಯಲ್ಲಿ ಕೇಳಿಸಿತು. ಅವನು ನಿಯಮ ಕಲಿಯಲು ಕೇಳಿದ್ದನೋ, ತಪ್ಪಿಸಿಕೊಳ್ಳುವ ದಾರಿ ಕಲಿಯಲು ಕೇಳಿದ್ದನೋ. ಅಂದಿನಿಂದ ಈವರೆಗೆ ಎಷ್ಟು ಸಲ ಕೇಳಿಕೊಂಡಿದ್ದೇನೆ, ಉತ್ತರ ಸಿಕ್ಕಿಲ್ಲ.

ಕೊನೆಯ ಕಾಗದ ಅವನ ಪ್ರಮಾಣಪತ್ರ. ನಿವೃತ್ತ ಪೊಲೀಸ್ ಅಧಿಕಾರಿ ಅದನ್ನು ನನ್ನತ್ತ ತಿರುಗಿಸಿದರು.

"ಈ ಸಹಿ ನಿಮ್ಮದೇ?"

"ನನ್ನದೇ."

"ಬಂಧಿತರ ಹಕ್ಕುಗಳ ವಿಷಯದಲ್ಲಿ ಅತ್ಯುತ್ತಮ ಎಂದು ನೀವೇ ಬರೆದಿದ್ದೀರಿ."

"ಅವನಿಗೆ ಎಲ್ಲ ಗೊತ್ತು ಸಾಹೇಬರೇ. ನಾನು ಬರೆದದ್ದು ಅಷ್ಟೇ."

ಅವರು ಮುಗುಳ್ನಕ್ಕು ಕಾಗದ ಹಿಂದಕ್ಕೆ ಎಳೆದುಕೊಂಡರು. ಮಹಿಳಾ ಸದಸ್ಯೆ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ದವಾಖಾನೆಗೆ ಎಂಟು ದಿನ ತಡವಾಗಿ ಯಾಕೆ ಹೋದಿರಿ?"

ನಾನು ನಿಜ ಹೇಳಿದೆ. ಫೋನ್ ಬಂದದ್ದು, ಅವನು ಮಾತು ಕೊಟ್ಟದ್ದು, ನಾನು ನಂಬಿದ್ದು, ಇವರನ್ನು ಕಾಯಿಸಿದ್ದು. ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ. ಗಂಡ ಹೆಂಡತಿ ನನ್ನ ಹಿಂದೆಯೇ ಕೂತಿದ್ದರು. ಸಂತೆಯ ಮರಾಠಿಯಷ್ಟೇ ಬಲ್ಲ ಅವರಿಗೆ ಆ ಬಿರುಸಿನ ಮಾತು ತಿಳಿಯಲಿಲ್ಲ. ಅವನು ಎದ್ದು, ಫೋನ್ ಮಾಡಿದ್ದು ನಿಜ, ಮೇಡಂ ಕ್ಷೇಮವಾಗಿ ಮನೆ ಮುಟ್ಟಿದರೇ ಎಂದು ಕೇಳಲು ಮಾಡಿದ್ದೆ ಎಂದ. ನನ್ನ ಕಡೆ ನೋಡಿಯೇ ಹೇಳಿದ, ಕಣ್ಣು ತಪ್ಪಿಸಲೂ ಇಲ್ಲ.

ಹೊರಗೆ ಬಂದ ಮೇಲೆ ಆಕೆ ಕೇಳಿದಳು: "ಆ ಮೇಡಂನವ್ರು ಏನ್ ಕೇಳಿದ್ರು ಅಕ್ಕೋರ? ನಿಮ್ಮ ಮಾರಿ ಸಣ್ಣಾಗಿತ್ತು."

"ತಾರೀಖು ಕೇಳಿದರು" ಎಂದೆ.

ಕೆಲವು ತಿಂಗಳಿಗೆ ಆದೇಶ ಬಂತು. ಆರೋಪ ಸಾಬೀತಾಗಿಲ್ಲ. ಹೊಡೆದವರು ಯಾರೆಂದು ಅರ್ಜಿದಾರ ಮೊದಲು ಸ್ಪಷ್ಟವಾಗಿ ಹೇಳಲಿಲ್ಲ. ವೈದ್ಯಕೀಯ ತಪಾಸಣೆಯ ಎಂಟು ದಿನದ ವಿಳಂಬಕ್ಕೆ ನಂಬುವಂಥ ಕಾರಣವಿಲ್ಲ. ಆದರೂ ಸಾರ್ವಜನಿಕರ ಜೊತೆಗಿನ ವರ್ತನೆಯ ಬಗ್ಗೆ ಅಧಿಕಾರಿಗೆ ಮೂರು ದಿನದ ಮರುತರಬೇತಿ ಕೊಡಬಹುದು ಎಂದು ಶಿಫಾರಸು.

ಎರಡು ವಾರದ ಮೇಲೆ ತರಬೇತಿ ಕೇಂದ್ರದಿಂದ ಎಂದಿನಂತೆ ಪತ್ರ ಬಂತು. ಮರುತರಬೇತಿಯ ತಂಡವೊಂದಕ್ಕೆ ನನ್ನ ವಿಷಯವನ್ನು ನಾನೇ ಹೇಳಬೇಕು. ಪಟ್ಟಿಯಲ್ಲಿ ಅವನಿದ್ದ. ಹೋಗದೆ ಇರಬಹುದಿತ್ತು, ಹೋದೆ. ಅವನು ಮೊದಲ ಸಾಲಿನಲ್ಲಿದ್ದ. ಮೂರೂ ದಿನ ಬರೆದುಕೊಂಡ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಯ ದಿನ ಬಾಗಿಲ ಬಳಿ ನಿಂತಿದ್ದ.

"ಮೇಡಂ, ನೀವು ನನ್ನ ವಿರುದ್ಧ ಹೋದ್ರಿ ಅಂತ ನನಗ ಸಿಟ್ಟಿಲ್ರಿ. ನೀವು ನಿಮ್ಮ ಧರ್ಮಾ ಮಾಡಿದ್ರಿ. ನಾ ಎಲ್ಲಾ ಮನಸ್ಸಿನಿಂದ ತಗದ ಹಾಕೀನಿ."

ನನ್ನನ್ನು ಕ್ಷಮಿಸುತ್ತಿದ್ದ. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಇಷ್ಟೇ: "ಆತನಿಗೆ ಇವತ್ತಿಗೂ ಒಂದು ಕಿವಿ ಕೇಳೂದಿಲ್ಲ."

"ಹೌದೇನ್ರಿ? ಪಾಪ" ಎಂದ. ಆ 'ಪಾಪ' ನಿಜವಾದದ್ದೇ ಇದ್ದಿರಬಹುದು. ಅದೇ ನನಗೆ ಇಂದಿಗೂ ಅರ್ಥವಾಗದ್ದು.

ಅವನ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಕೇಂದ್ರದ ಮುಖ್ಯಸ್ಥರು ನನ್ನನ್ನು ಬಹಳ ವರ್ಷಗಳಿಂದ ಬಲ್ಲವರು, ಒಳ್ಳೆಯ ಮನುಷ್ಯರು. ಬೇಸರಿಸಿಕೊಳ್ಳದೆ, "ಇರಲಿ ಬಿಡಿ ಮೇಡಂ, ಕೋರ್ಸಿನ ಪರವಾಗಿ ನಾನೇ ಹಾಕುತ್ತೇನೆ" ಎಂದು ನನ್ನೆದುರೇ ಹಾಕಿದರು. ಅದಾದ ಮೇಲೆ ನಾನು ಅಲ್ಲಿಗೆ ಹೋಗಿಲ್ಲ.

ಆದೇಶವನ್ನು ಆ ದಂಪತಿಗೆ ಓದಿ ಹೇಳುವುದು ಬಾಕಿ ಉಳಿದಿತ್ತು. ಒಂದು ಭಾನುವಾರ ಭೋಸರಿಗೆ ಹೋದೆ. ಒಂದೇ ಕೋಣೆ, ಹೊರಗೆ ಎಲ್ಲೋ ಲೋಹ ಕೊರೆಯುವ ಸದ್ದು. ಆತ ನನ್ನ ಮಾತು ಕೇಳಲೆಂದು ಬಲಗಿವಿ ನನ್ನ ಕಡೆಯಿರುವಂತೆ ಗೋಡೆಗೊರಗಿ ಕೂತ. ಆಕೆ ಚಹಾ ಕೊಟ್ಟು ಎದುರಿಗೆ ಕೂತಳು. ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಎಂಟು ದಿನದ ಸಾಲು ಬಂತು. ಅದನ್ನು ಹಾರಿಸಿಬಿಡಬಹುದಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಓದಿದೆ.

ಆಕೆ ತಡೆದಳು. "ಅವತ್ತ ಕಾಗದ ತಯಾರ ಆಗಬೇಕು ಅಂದಿದ್ರಲ್ರಿ. ಅದು ಹೇಳಲಿಲ್ಲೇನ್ರಿ ಅವರಿಗಿ?"

"ಕಾಗದದ ಸಲುವಾಗಿ ಅಲ್ಲವ್ವಾ. ನಾ ನಿಮಗ ಸುಳ್ಳು ಹೇಳಿದ್ದೆ. ಆ ಫೌಜದಾರ ನನ್ನ ಕಡೆ ಓದಿದಾವ. ಎಂಟು ದಿನ ಕೊಡ್ರಿ, ಸರಿ ಮಾಡ್ತೀನಿ ಅಂತ ಫೋನಿನ್ಯಾಗ ಹೇಳಿದ. ನಂಬಿದೆ."

ಗಂಡ, "ಬಿಡು, ಅವ್ರೇನು ಬೇಕಂತ ಮಾಡ್ಯಾರೇನ" ಎಂದ.

"ಯಾಕ ಬಿಡಬೇಕು?" ಎಂದು ಆಕೆ ಗಂಡನತ್ತ ತಿರುಗಿ, ಮತ್ತೆ ನನ್ನನ್ನು ನೋಡಿದಳು. "ಅಂವಗ ನಂಬಿದ್ರಿ. ಇವರು ನಿಮ್ಮ ಬಾಜೂಕ ಕಿವಿ ಹಿಡಕೊಂಡು ಕುಂತಿದ್ರು. ಯಾರು ಹೊಡದ್ರು ಅಂತ ಇವರಿಗಿ ಕೇಳಲಿಲ್ಲ ನೀವು. ನಾ ದಿನಾ ಎಣ್ಣಿ ಬಿಡೂಮುಂದ, ಅಕ್ಕೋರು ಕಾಗದ ಮಾಡಲಿಕತ್ಯಾರ ಅಂತ ಸಮಾಧಾನ ಹೇಳತಿದ್ನಿ."

ನನ್ನ ಶಿಷ್ಯ ನನಗೆ ಮಾಡಿದ್ದನ್ನು ತಿಂಗಳುಗಟ್ಟಲೆ ಎದೆಯಲ್ಲಿಟ್ಟುಕೊಂಡು ಸಂಕಟಪಟ್ಟಿದ್ದೆ. ನಾನು ಆಕೆಗೆ ಮಾಡಿದ್ದೂ ಅದೇ ಎಂದು ಆ ಕೋಣೆಯಲ್ಲಿ ಕೂತಾಗ ತಿಳಿಯಿತು.

"ಉಳದದ್ದು ಓದ್ರಿ" ಎಂದಳು. ಓದಿ ಮುಗಿಸಿದೆ. ಇದರ ಮೇಲೆ ಎಲ್ಲಿಗೆ ಹೋಗಬಹುದು ಎಂದು ಕೇಳಿದಳು. ಹೈಕೋರ್ಟಿಗೆ ಎಂದೆ.

"ಹೋಗ್ತೀವ್ರಿ. ಆದ್ರ ನೀವು ಬರಿಯೋದು ಬ್ಯಾಡ. ಬ್ಯಾರೆ ಯಾರನ್ನಾರ ತೋರಿಸ್ರಿ."

ಪರಿಚಯದ ಒಬ್ಬ ವಕೀಲೆಯ ಹೆಸರು, ನಂಬರು ಬರೆದುಕೊಟ್ಟೆ. ಆಕೆ ಅದನ್ನು ಒಂದೊಂದೇ ಅಂಕಿ ಓದಿ ತಾಳೆ ನೋಡಿ ಇಟ್ಟುಕೊಂಡಳು. ಹೊರಡುವಾಗ ಬಾಗಿಲವರೆಗೆ ಬಂದದ್ದು ಆತ ಮಾತ್ರ.

ಅರ್ಜಿ ಈಗ ಹೈಕೋರ್ಟಿನಲ್ಲಿದೆ. ಅದಕ್ಕೆ ನನ್ನ ಅಫಿಡವಿಟ್ಟೂ ಬೇಕೆಂದು ವಕೀಲೆ ಕೇಳಿದರು. ಆ ಎಂಟು ದಿನದಲ್ಲಿ ನಾನು ಮಾಡಿದ್ದನ್ನು ಮೊದಲ ಪರಿಚ್ಛೇದದಲ್ಲಿಯೇ ಬರೆದುಕೊಟ್ಟೆ. ಆಕೆ ಏಳನೆಯ ತರಗತಿಯವರೆಗೆ ಓದಿದವಳು. ಆಕೆಗೆಂದು ಕನ್ನಡದಲ್ಲೂ ಒಂದು ಪ್ರತಿ ಬರೆದು ಕಳಿಸಿದೆ. ಓದಿದ್ದಾಳಂತೆ. ಒಂದು ಕಡೆ ತಾರೀಖು ತಪ್ಪಿದೆ, ತಿದ್ದಬೇಕು ಎಂದು ವಕೀಲೆಯ ಕಡೆಯಿಂದ ಹೇಳಿ ಕಳಿಸಿದ್ದಳು. ತಿದ್ದಿದೆ.